ಹೊನ್ನೆದೊಡ್ಡಿ ಯಾವುದರ ಕೆಳಗೆ

ನನ್ನ ಹೆಸರು ಷಡಕ್ಷರಿ. ತಾಳವಾಡಿಯಲ್ಲಿ ಕಾಡಿನ ಸರಕು ಕೊಳ್ಳುವ ಸಂಘವೊಂದರ ಲೆಕ್ಕ ಬರೆಯುವವನು. ಕಾಡಿನ ಜನ ನನ್ನನ್ನು ಕಣಕ್ಕುಪಿಳ್ಳೆ ಅನ್ನುತ್ತಾರೆ, ಗೆಟ್ಟವಾಡಿಯ ನಮ್ಮ ನೆಂಟರು ಗುಮಾಸ್ತ ಅನ್ನುತ್ತಾರೆ, ಮನೆಯಲ್ಲಿ ಪುಟ್ಟಮಲ್ಲಮ್ಮ ಏನೂ ಅನ್ನುವುದಿಲ್ಲ, ಸಂಬಳದ ದಿನ ಕೈ ಚಾಚುತ್ತಾಳೆ ಅಷ್ಟೆ. ನನ್ನ ಬಗ್ಗೆ ಇಷ್ಟು ಸಾಕು. ಮರದ ಪಟ್ಟಿಯ ಬಗ್ಗೆ ಮಾತ್ರ ಹೇಳದೆ ವಿಧಿಯಿಲ್ಲ. ಅದನ್ನು ಕಲಿತ ಮೇಲೆ ನನಗೆ ನೆಮ್ಮದಿ ಅನ್ನುವುದು ಇಲ್ಲ.

ಮೊದಲು ಸಂಘದ ಲೆಕ್ಕವೆಲ್ಲ ಒಂದೇ ದಪ್ಪ ಪುಸ್ತಕದಲ್ಲಿತ್ತು. ಲಾರಿಯ ಟಯರು, ಅದರ ಕೆಳಗೆ ಜೇನು ತುಂಬುವ ಡಬ್ಬ, ಅದರ ಕೆಳಗೆ ಮೇಲಿನಿಂದ ಬಂದ ಸಾಹೇಬರ ಬಿರಿಯಾನಿ, ಹೀಗೆ ತಾರೀಖಿನ ಪ್ರಕಾರ ಒಂದರ ಹಿಂದೊಂದು. ವರ್ಷದ ಕೊನೆಗೆ ಬಂದದ್ದರಲ್ಲಿ ಹೋದದ್ದನ್ನು ಕಳೆಯುತ್ತಿದ್ದೆ. ನಷ್ಟ ಎಂದು ಗೊತ್ತಾಗುತ್ತಿತ್ತು. ಎಲ್ಲಿ ನಷ್ಟ ಎಂದು ಯಾರಿಗೂ ಗೊತ್ತಾಗುತ್ತಿರಲಿಲ್ಲ, ಹಾಗಾಗಿ ಎಲ್ಲರೂ ಸುಖವಾಗಿದ್ದೆವು.

ಎಂಬತ್ತೊಂದನೇ ಇಸವಿ ಏಪ್ರಿಲ್‌ನಲ್ಲಿ ಈರೋಡಿನ ಮೇಲಾಫೀಸಿನವರು ನಮ್ಮನ್ನೆಲ್ಲ ಮೂರು ದಿನ ಕರೆಸಿಕೊಂಡು ಹೊಸ ಪದ್ಧತಿ ಕಲಿಸಿದರು. ಕಲಿಸಿದವರು ಲೆಕ್ಕದ ಸೂಪರಿಂಟೆಂಡೆಂಟ್ ತಂಗವೇಲು. ಸಣ್ಣ ಆಳು, ಮಾತು ಮೆಲ್ಲಗೆ, ಊಟಕ್ಕೆ ಮುಂಚೆ ಒಂದು ಮಾತ್ರೆ, ಆದ ಮೇಲೆ ಇನ್ನೊಂದು. ಗೋಡೆಗೆ ಕಂದು ಕಾಗದ ಅಂಟಿಸಿ ಒಂದು ಮರ ಬರೆದರು, ಬೇರು ಮೇಲೆ, ಕೊಂಬೆ ಕೆಳಗೆ. ಮೇಲ್ತುದಿಯಲ್ಲಿ ಸಂಘ. ಅದರ ಕೆಳಗೆ ಎರಡು ವಲಯ, ಸತ್ಯಮಂಗಲದ ಕಡೆಯದೊಂದು, ತಾಳವಾಡಿ ಕಡೆಯದೊಂದು. ವಲಯದ ಕೆಳಗೆ ಡಿಪೋಗಳು. ಡಿಪೋ ಕೆಳಗೆ ಕಾಡಿನ ಊರುಗಳಲ್ಲಿರುವ ಶೆಡ್ಡುಗಳು, ಒಟ್ಟು ಮೂವತ್ತೆಂಟು. ಎಲ್ಲದಕ್ಕೂ ನಂಬರು. ಇದೇ ಮರದ ಪಟ್ಟಿ. ಪ್ರತಿಯೊಂದಕ್ಕೂ ಮೇಲೆ ಒಬ್ಬನೇ ಅಪ್ಪ ಇರಬೇಕು, ಇಬ್ಬರು ಅಪ್ಪಂದಿರಿಗೆ ಹುಟ್ಟಿದ್ದು ಲೆಕ್ಕದಲ್ಲಿ ಇರಕೂಡದು ಎಂದು ತಂಗವೇಲು ತಮಿಳಿನಲ್ಲಿ ಹೇಳಿದಾಗ ಹಿಂದಿನ ಬೆಂಚಿನವರು ನಕ್ಕರು. ಅವರು ನಗಲಿಲ್ಲ.

ಒಂದು ಶೆಡ್ಡಿಗಾದ ಖರ್ಚು ಆ ಶೆಡ್ಡಿಗೇ. ಎಲ್ಲರಿಗೂ ಸೇರಿದ ಖರ್ಚು ಮೇಲಿನಿಂದ ಪಾಲಾಗಿ ಕೆಳಗಿಳಿಯಬೇಕು. ಲಾರಿ ಎಲ್ಲಿಗೆ ಹೋಯಿತೋ ಅಲ್ಲಿಯ ತಲೆಗೆ ಲಾರಿಯ ಖರ್ಚು. ನನ್ನ ಸಂಬಳ ಆಗ ನಾನೂರ ನಲವತ್ತು, ನಮ್ಮ ಡಿಪೋ ಕೆಳಗೆ ಹನ್ನೊಂದು ಶೆಡ್ಡು, ಅಂದರೆ ಒಂದೊಂದು ಶೆಡ್ಡೂ ತಿಂಗಳಿಗೆ ನಲವತ್ತು ರೂಪಾಯಿ ಕೊಟ್ಟು ನನ್ನನ್ನು ಸಾಕಬೇಕು. ಸೀಗೇಕಾಯಿ ಆರಿಸುವವರು ಷಡಕ್ಷರಿಯನ್ನು ಸಾಕುತ್ತಾರೆಂದು ಅವತ್ತೇ ನನಗೆ ಗೊತ್ತಾದದ್ದು. ಆಗ ನಾಚಿಕೆಯಾಗಲಿಲ್ಲ, ಲೆಕ್ಕ ಎಷ್ಟು ಚೆನ್ನಾಗಿ ಕೂತಿತಲ್ಲ ಎಂದು ಹಿಗ್ಗಿದೆ.

ಬೆಟ್ಟದ ಮೇಲೆ ಇದು ತಿಳಿದವನು ನಾನೊಬ್ಬನೇ. ಊರಿಗೊಬ್ಬಳೇ ಪದ್ಮಾವತಿ ಅನ್ನುವ ಹಾಗೆ ಮೆರೆದೆ. ಸೈಕಲ್ಲಿಗೆ ಕಂದು ಕಾಗದದ ಸುರುಳಿ ಕಟ್ಟಿಕೊಂಡು, ಸೈಕಲ್ ಹೋಗದ ಕಡೆ ಲಾರಿ ಹತ್ತಿಕೊಂಡು, ಹನ್ನೊಂದು ಶೆಡ್ಡಿಗೂ ಹೋಗಿ ಯಾವುದು ಯಾವುದರ ಕೆಳಗೆ ಎಂದು ಕೇಳಿ ಕೇಳಿ ಬರೆದುಕೊಂಡೆ.

ಕೊನೆಯ ಶೆಡ್ಡು ಹೊನ್ನೆದೊಡ್ಡಿಯದು. ತಾಳವಾಡಿಯಿಂದ ಎಂಟು ಮೈಲಿ ಡಾಂಬರು ರಸ್ತೆಯಲ್ಲಿ ಹೋದರೆ ಮತ್ತಿಪೋಡು. ಅಲ್ಲಿಂದ ಕಾಡಿನ ದಾರಿಯಲ್ಲಿ ಐದು ಮೈಲಿ ಒಳಗೆ ಹೊನ್ನೆದೊಡ್ಡಿ, ಇಪ್ಪತ್ತಾರು ಮನೆ, ಎಲ್ಲರೂ ಸೋಲಿಗರು. ಶೆಡ್ಡು ಅಂದರೆ ಜಿಂಕ್ ಶೀಟಿನ ಒಂದು ಮಾಡು, ಒಂದು ತಕ್ಕಡಿ. ತೂಕ ಹಾಕುವವಳು ಮಾದಕ್ಕ, ಆ ಊರಿನ ಯಜಮಾನ ದೊಡ್ಡಮಾದನ ಮಗಳು, ಮೂವತ್ತೈದರ ಆಸುಪಾಸು. ಅವಳ ಗಂಡ ಜ್ವರ ಬಂದು, ಕಂಬಳಿಯ ಡೋಲಿಯಲ್ಲಿ ಹೊತ್ತುಕೊಂಡು ಮತ್ತಿಪೋಡಿನ ಕಡೆ ಬರುವಾಗ ದಾರಿಯಲ್ಲೇ ಸತ್ತಿದ್ದ. ಅದು ಶೆಡ್ಡು ಬರುವುದಕ್ಕೆ ಮುಂಚೆ. ಶೆಡ್ಡು ಬಂದ ಮೇಲೆ ಪ್ರತಿ ಗುರುವಾರ ಲಾರಿ ಬಂತು. ಹೋಗುವಾಗ ಅಕ್ಕಿ, ಉಪ್ಪು, ಸೀಮೆಎಣ್ಣೆ ಇಳಿಸುತ್ತಿತ್ತು, ಬರುವಾಗ ಸೀಗೆ, ಅಂಟುವಾಳ, ಪೊರಕೆ ಹುಲ್ಲು, ಜೇನಿನ ಡಬ್ಬಗಳ ಜೊತೆ ಹೆರಿಗೆ ಕಷ್ಟವಾದವರನ್ನೂ ಜ್ವರ ಬಂದವರನ್ನೂ ತಾಳವಾಡಿ ಆಸ್ಪತ್ರೆಗೆ ತರುತ್ತಿತ್ತು. ಆ ಊರಿಗೆ ಶೆಡ್ಡು ಅಂದರೆ ಲಾರಿ.

ಮಾದಕ್ಕ ಮೂರನೇ ಕ್ಲಾಸು ಓದಿದವಳು, ಅಂಕಿಗಳನ್ನು ದುಂಡಗೆ ಬರೆಯುತ್ತಿದ್ದಳು. ಅವಳ ಚೀಟಿಗಳನ್ನು ಒಂದೊಂದಾಗಿ ತೆಗೆದು ಕೇಳುತ್ತ ಹೋದೆ.

"ಈ ಸೀಗೆ ಯಾರ್ದು?"

"ನಮ್ದೇ ಬುದ್ದಿ."

"ಪೊರಕೆ ಹುಲ್ಲು?"

"ಅದೂವಿ ನಮ್ದೆ."

"ಜೇನು?"

"ಮತ್ತಿಪೋಡ್ನೋರ್ದು."

ನಾನು ಜೇನನ್ನು ಮತ್ತಿಪೋಡಿನ ಕೆಳಗೆ ಬರೆದೆ. ಯಾಕೆ ಎಂದು ಒಂದು ಮಾತು ಕೇಳಲಿಲ್ಲ. ಬಿಸಿಲು ಜೋರಾಗಿತ್ತು, ಲಾರಿಯವನು ಹಾರನ್ನು ಒತ್ತುತ್ತಿದ್ದ, ಕಾಗದದಲ್ಲಿ ಜಾಗವೂ ಖಾಲಿಯಿತ್ತು. ಕೇಳಿದವನೂ ನಾನೇ, ಬರೆದವನೂ ನಾನೇ.

ಒಂದು ವರ್ಷ ಅದೇ ಪ್ರಕಾರ ಲೆಕ್ಕ ಹೋಯಿತು. ಎಂಬತ್ತೆರಡರ ಮೇ ತಿಂಗಳಲ್ಲಿ ಈರೋಡಿನಿಂದ ಕಾಗದ ಬಂತು. ಮೂವತ್ತೆಂಟು ಶೆಡ್ಡುಗಳಲ್ಲಿ ಅತಿ ಹೆಚ್ಚು ನಷ್ಟ ಹೊನ್ನೆದೊಡ್ಡಿಯದು, ಆದಾಯ ಎರಡು ಸಾವಿರದ ಮುನ್ನೂರು, ಖರ್ಚು ಮೂರು ಸಾವಿರದ ಆರುನೂರು. ಜುಲೈ ಕೊನೆಗೆ ಶೆಡ್ಡು ಮುಚ್ಚತಕ್ಕದ್ದು. ಆ ಊರಿನವರು ತಮ್ಮ ಸರಕನ್ನು ತಲೆ ಮೇಲೆ ಹೊತ್ತು ಮತ್ತಿಪೋಡಿಗೆ ತರತಕ್ಕದ್ದು. ಅದೇ ಕಾಗದದ ಕೊನೆಯಲ್ಲಿ, ನಷ್ಟ ಎಲ್ಲಿದೆ ಎಂದು ಇಷ್ಟು ಸ್ಪಷ್ಟವಾಗಿ ತೋರಿಸಿಕೊಟ್ಟ ತಾಳವಾಡಿ ಡಿಪೋದ ಲೆಕ್ಕಿಗರಿಗೆ ಮೆಚ್ಚುಗೆ ಎಂದೂ ಇತ್ತು. ಅದನ್ನು ಓದಿ ಖುಷಿಪಟ್ಟೆ ಎಂದು ಒಪ್ಪಿಕೊಳ್ಳುತ್ತೇನೆ. ಮನೆಗೂ ಒಯ್ದು ಪುಟ್ಟಮಲ್ಲಮ್ಮನಿಗೆ ತೋರಿಸಿದೆ.

ಮಾರನೆಯ ದಿನ ಲಾರಿಯ ಚೀಟಿಗಳನ್ನು ಕಟ್ಟುವಾಗ ಕಣ್ಣಿಗೆ ಬಿತ್ತು. ಡ್ರೈವರು ತಾನು ಎಲ್ಲಿ ಏನು ಹೇರಿಕೊಂಡೆ ಎಂದು ಬರೆದಿಡುತ್ತಾನೆ. ಹೊನ್ನೆದೊಡ್ಡಿಯಲ್ಲಿ ಜೇನಿನ ಡಬ್ಬ ನಾಲ್ಕು, ಮತ್ತೊಂದು ಗುರುವಾರ ಆರು, ಮತ್ತೊಂದು ಗುರುವಾರ ಎಂಟು. ನನ್ನ ಲೆಕ್ಕದಲ್ಲಿ ಹೊನ್ನೆದೊಡ್ಡಿಯ ಜೇನು ಸೊನ್ನೆ. ರಸ್ತೆ ಪಕ್ಕದ ಮತ್ತಿಪೋಡಿನಲ್ಲಿ ಅವನು ಒಂದು ಡಬ್ಬವನ್ನೂ ಹೇರಿಲ್ಲ, ಆದರೂ ನಾಲ್ಕು ಸಾವಿರ ರೂಪಾಯಿಯ ಜೇನು ಅದರ ಹೆಸರಿನಲ್ಲಿದೆ. ಜೇನು ತರಲು ಲಾರಿ ಹೊನ್ನೆದೊಡ್ಡಿಗೆ ಹೋಯಿತು, ಖರ್ಚು ಹೊನ್ನೆದೊಡ್ಡಿಗೆ, ಜೇನು ಮತ್ತಿಪೋಡಿಗೆ. ತಕ್ಕಡಿ ಸರಿಯಾಗಿತ್ತು, ಮಾದಕ್ಕನ ಅಂಕಿ ಸರಿಯಾಗಿತ್ತು, ತಪ್ಪು ಇದ್ದದ್ದು ನನ್ನ ಮರದಲ್ಲಿ.

ಈರೋಡಿಗೆ ಹೊರಟೆ. ದಿಂಬಂನಲ್ಲಿ ಟೀ ಕುಡಿದು ಘಾಟಿಯ ಇಪ್ಪತ್ತೇಳು ತಿರುವು ಇಳಿಯುವಷ್ಟರಲ್ಲಿ ಆ ಟೀ ಹೊರಗೆ ಬಂದಿತ್ತು. ತಂಗವೇಲು ನನ್ನ ಮಾತನ್ನು ಪೂರ್ತಿ ಕೇಳಿದರು. ಕೇಳಿ, ಮಾತ್ರೆಯ ಡಬ್ಬಿಯನ್ನು ಮೇಜಿನ ಮೇಲೆ ಆ ಕಡೆ ಈ ಕಡೆ ಉರುಳಿಸಿದರು.

"ನಿಜ ಅಂತಲೇ ಇಟ್ಟುಕೊಳ್ಳೋಣ ಷಡಕ್ಷರಿ. ನಾಳೆ ಮೂವತ್ತೆಂಟು ಶೆಡ್ಡಿನವರೂ ಇದೇ ಮಾತು ಹೇಳಿಕೊಂಡು ಬಸ್ಸು ಹತ್ತುತ್ತಾರೆ. ಆಗ ನಾನೇನು ಮಾಡಲಿ?"

"ಜೇನು ಅಲ್ಲಿರಲಿ ಸಾರ್. ಜೇನಿನ ಲಾರಿ ಖರ್ಚನ್ನಾದರೂ ಮತ್ತಿಪೋಡಿಗೆ ಹಾಕೋಣ."

"ಲಾರಿ ಹೋದ ಕಡೆಗೇ ಲಾರಿಯ ಖರ್ಚು. ನಿಮ್ಮೊಬ್ಬರಿಗೆ ನಿಯಮ ಬದಲಾಯಿಸಿದರೆ ನನ್ನ ಕೆಲಸ ಹೋಗುತ್ತದೆ. ಒಂದು ಮಾಡಿ. ಆ ಊರಿನ ಯಜಮಾನನಿಂದ ಬರೆಸಿಕೊಂಡು ಬನ್ನಿ, ಜೇನು ನಮ್ಮದು, ಮತ್ತಿಪೋಡಿಗೂ ಇದಕ್ಕೂ ಸಂಬಂಧವಿಲ್ಲ ಅಂತ. ಹೆಬ್ಬೆಟ್ಟು ಒತ್ತಿಸಿ. ನಾನು ತಿದ್ದುತ್ತೇನೆ."

ಒಳ್ಳೆಯ ಮನುಷ್ಯ. ಇದಕ್ಕಿಂತ ಹೆಚ್ಚು ಯಾರೂ ಕೊಡುತ್ತಿರಲಿಲ್ಲ. ಹೆಬ್ಬೆಟ್ಟು ತಾನೇ, ಮುಗಿಯಿತು ಎಂದುಕೊಂಡು ವಾಪಸ್ಸು ಬಂದೆ.

ಗುರುವಾರ ಲಾರಿಯಲ್ಲಿ ಹೊನ್ನೆದೊಡ್ಡಿಗೆ ಹೋದೆ. ದೊಡ್ಡಮಾದ ಶೆಡ್ಡಿನ ಮುಂದಿನ ಕಲ್ಲಿನ ಮೇಲೆ ಕೂತಿದ್ದ, ಮಾದಕ್ಕ ಅಕ್ಕಿ ಮೂಟೆಗಳನ್ನು ಎಣಿಸುತ್ತಿದ್ದಳು. ಶೆಡ್ಡು ಮುಚ್ಚುವ ಸುದ್ದಿ ಹೇಳಿದೆ. ಬರೆದುಕೊಂಡು ಹೋಗಿದ್ದ ಕಾಗದ ತೆಗೆದು, ಇದಕ್ಕೆ ಒಂದು ಹೆಬ್ಬೆಟ್ಟು ಹಾಕಿದರೆ ಶೆಡ್ಡು ಉಳಿಯುತ್ತದೆ ಎಂದೂ ಹೇಳಿದೆ.

"ಓದಿ ಬುದ್ದಿ" ಅಂದ ದೊಡ್ಡಮಾದ.

ಓದಿದೆ.

"ಅದ್ಯಾಕ ನಮ್ದಾಯ್ತದ? ಜೇನು ಕಟ್ಟೋ ಬಂಡ ಮತ್ತಿಪೋಡ್ನೋರ್ದು. ಅವುರ್ ಕುಲದ್ದು."

"ಬಂಡೆ ಅವುರ್ದೇ ಇರ್ಲಿ ಯಜಮಾನ. ಜೇನು ಕುಯ್ದೋರು ಯಾರು?"

"ನಾವು."

"ಒತ್ಕೊಂಡು ಬಂದೋರು?"

"ನಾವೇ ಕಣ ಬುದ್ದಿ. ಅದ್ರ ಕೂಲಿ ನಾವು ಇಟ್ಕೊಂಡೀವಿ. ಬಂಡ ಪಾಲು ಅವುರ್ಗ ಕೊಟ್ಟೀವಿ. ಜೇನು ಅವುರ್ದು. ನಮ್ ತಾತ್ನೋರ್ ಕಾಲ್ದಿಂದ ಅಂಗೇಯ."

ನನಗೆ ಆಗ ಅರ್ಥವಾಯಿತು. ನಾನು ಯಾರದು ಎಂದು ಕೇಳಿದಾಗ ಮಾದಕ್ಕ ಬಂಡೆ ಯಾವ ಕುಲದ್ದೋ ಆ ಕುಲದವರ ಊರನ್ನು ಹೇಳಿದ್ದಳು. ಅವರಲ್ಲಿ ಪ್ರತಿ ಜೇನುಬಂಡೆಗೂ ಒಂದು ಕುಲ. ಇಳಿದು ಕೊಯ್ಯುವವರು ಯಾರಾದರೂ ಆಗಲಿ, ಜೇನು ಆ ಕುಲಕ್ಕೆ ಸೇರಿದ್ದು. ನನ್ನ ಮರಕ್ಕಿಂತ ಅದು ಹಳೆಯ ಮರ, ಯಾವುದು ಯಾವುದರ ಕೆಳಗೆ ಎಂದು ಅಲ್ಲಿ ಆಗಲೇ ಗೊತ್ತುಮಾಡಿ ಆಗಿತ್ತು. ನಾನು ನನ್ನ ಪ್ರಶ್ನೆ ಕೇಳಿದ್ದೆ, ಅವಳು ಅವಳ ಮರ್ಯಾದೆಗೆ ತಕ್ಕ ಉತ್ತರ ಕೊಟ್ಟಿದ್ದಳು.

"ಅದು ನಿಮ್ಮೊಳಗೆ. ಇದು ಬರೀ ಕಾಗ್ದ. ಕಾಗ್ದಕ್ಕೆ ಒಂದು ಎಬ್ಬೆಟ್ಟು ಒತ್ತಿದ್ರೆ ಏನು ಓಯ್ತದೆ?" ಎಂದೆ. ಅವರ ಜೊತೆ ಕೂತರೆ ನನ್ನ ಬಾಯಲ್ಲೂ ನಮ್ಮೂರ ಮಾತೇ ಬರುತ್ತದೆ.

ದೊಡ್ಡಮಾದ ಬಾಯಲ್ಲಿದ್ದ ಎಲೆ ಉಗಿದು ಬಂದು ಮತ್ತೆ ಕೂತ.

"ನನ್ ಮಗ ಕೆಂಪ ಆ ಬಂಡ ಇಳೀವಾಗ ಮ್ಯಾಲ ಅಗ್ಗ ಇಡ್ಕೊಳೋನು ಯಾರು ಗೊತ್ತಾ ನಿಮ್ಗ? ಜಡೆಯ. ಮತ್ತಿಪೋಡ್ನೋನು. ಕೆಂಪನ್ ಎಡ್ತಿ ತಮ್ಮ. ಅಗ್ಗವ ಬಾಮೈದ್ನೆ ಇಡೀಬೇಕು. ಬುಟ್ರ ಅಕ್ಕ ಮುಂಡ ಆಯ್ತಾಳ ಅಂತ ಅವ್ನು ಬುಡಾಕಿಲ್ಲ. ಒಡುಟ್ಟಿದೋನ್ಗೂ ಆ ಅಗ್ಗ ಕೊಡಾಕಿಲ್ಲ ನಾವು. ಈಗ ನಾನು ಈ ಕಾಗ್ದಕ್ಕ ಎಬ್ಬೆಟ್ಟು ಒತ್ತೀನಿ, ಬಂಡ ಜೇನು ನಮ್ದು, ಅವುರ್ಗೂ ನಮ್ಗೂ ಸಮ್ಮಂದ ಇಲ್ಲ ಅಂತ. ಮತ್ತಿಪೋಡ್ಗ ಗೊತ್ತಾಗ್ದೆ ಇದ್ದಾದ? ಬರೋ ವರ್ಸ ಜಡೆಯ ಬರಾಕಿಲ್ಲ. ಆಗ ಅಗ್ಗ ನೀವು ಇಡ್ಕತೀರಾ?"

ಮಾದಕ್ಕನ ಕಡೆ ತಿರುಗಿದೆ.

"ನೀನಾದ್ರೂ ಯೋಳು ಮಾದಕ್ಕ. ಶೆಡ್ಡು ಓದ್ರೆ ಲಾರಿ ಓಯ್ತದೆ. ನಿನ್ ಕೆಲ್ಸಾನೂ ಓಯ್ತದೆ."

"ಗೊತ್ತು ಬುದ್ದಿ. ಲಾರಿ ಇಲ್ದಿದ್ರ ಏನಾಯ್ತದ ಅಂತ ನನ್ಗಿಂತ ಯಾರ್ಗ ಗೊತ್ತು" ಎಂದಳು. ಎಣಿಸುವುದನ್ನು ನಿಲ್ಲಿಸಿರಲಿಲ್ಲ. "ಆದ್ರೂವಿ ಅವುರ್ ಜೇನ ನಮ್ದು ಅಂತ ಯೋಳಾಕ ನನ್ಗ ಬಾಯಿ ಬರಾಕಿಲ್ಲ."

ನನಗೆ ಸಿಟ್ಟು ಬಂತು. ಇವರಿಗಾಗಿ ವಾಂತಿ ಮಾಡಿಕೊಂಡು ಈರೋಡಿಗೆ ಹೋಗಿ ಬಂದವನು ನಾನು, ಇವರು ನೋಡಿದರೆ ನೆಂಟಸ್ತಿಕೆ ಹಿಡಿದು ಕೂತಿದ್ದಾರೆ, ಹಾಳಾಗಿ ಹೋಗಲಿ ಎಂದು ಲಾರಿ ಹತ್ತಿದೆ. ಸಿಟ್ಟು ಅವರ ಮೇಲೆ ಅಲ್ಲ ಎಂದು ಅರ್ಧ ದಾರಿಯಲ್ಲೇ ತಿಳಿದಿತ್ತು, ಆದರೂ ಅದು ಇಳಿಯಲಿಲ್ಲ.

ಮತ್ತಿಪೋಡಿನಲ್ಲಿ ಲಾರಿ ನಿಂತು ಅಲ್ಲಿಯ ಪೊರಕೆ ಕಟ್ಟುಗಳನ್ನು ಹೇರಿಕೊಂಡಿತು. ಡ್ರೈವರು ಹೊನ್ನೆದೊಡ್ಡಿಯ ಕಟ್ಟನ್ನೂ ಮತ್ತಿಪೋಡಿನ ಕಟ್ಟನ್ನೂ ಸೇರಿಸಿ ಒಂದೇ ಚೀಟಿ ಬರೆದ. "ಬೇರೆ ಬೇರೆ ಬರೀಬೇಕಲ್ಲಯ್ಯ" ಎಂದೆ. "ಲಾರಿ ಒಂದೇ ಅಲ್ವಾ ಸಾ, ಕೆಳಗೆ ಓದ್ಮ್ಯಾಲೆ ಯಾರು ನೋಡ್ತಾರೆ" ಎಂದ.

ಬೈಯುವ ಬದಲು ಆ ಚೀಟಿಯನ್ನು ಇಸಿದುಕೊಂಡು ಇನ್ನೊಂದು ಸಲ ನೋಡಿದೆ. ಈರೋಡಿನವರು ನೋಡುವುದು ನಾಲ್ಕನೆಯ ಮೆಟ್ಟಿಲಿನ ತನಕ. ಸಂಘ, ವಲಯ, ಡಿಪೋ, ಶೆಡ್ಡು. ಅದರ ಕೆಳಗೆ ಐದನೆಯ ಮೆಟ್ಟಿಲು ಒಂದಿದೆ, ಬೇಕಿದ್ದರೆ ನಮ್ಮ ನಮ್ಮ ಪುಸ್ತಕದಲ್ಲಿ ಇಟ್ಟುಕೊಳ್ಳಿ, ಮೇಲೆ ಕಳಿಸುವುದು ಬೇಡ ಎಂದು ತಂಗವೇಲು ಪಾಠದಲ್ಲೇ ಹೇಳಿದ್ದರು. ಹೊನ್ನೆದೊಡ್ಡಿಯನ್ನು ಡಿಪೋ ಕೆಳಗಿಂದ ಕಿತ್ತು ಮತ್ತಿಪೋಡಿನ ಕೆಳಗೆ ಇಟ್ಟರೆ? ಹೊನ್ನೆದೊಡ್ಡಿಯ ಲಾರಿ ಖರ್ಚು, ಹೊನ್ನೆದೊಡ್ಡಿಯವರು ಕೊಯ್ದ ಜೇನು, ಎರಡೂ ಮತ್ತಿಪೋಡು ಅನ್ನುವ ಒಂದೇ ಸಾಲಿನಲ್ಲಿ ಕೂಡಿಕೊಳ್ಳುತ್ತವೆ. ಒಟ್ಟು ಕುಟುಂಬದಲ್ಲಿ ಯಾರು ಎಷ್ಟು ಉಂಡರು ಎಂದು ಬೀದಿಯವರಿಗೆ ಕಾಣುತ್ತದೆಯೇ? ಯಾರೂ ಸುಳ್ಳು ಹೇಳಬೇಕಾಗಿಲ್ಲ. ಹೆಬ್ಬೆಟ್ಟು ಬೇಡ, ಬಂಡೆ ಅವರದೇ ಇರಲಿ, ಹಗ್ಗ ಜಡೆಯನ ಕೈಯಲ್ಲೇ ಇರಲಿ. ನಷ್ಟವೂ ಇಲ್ಲ.

ಅಡಚಣೆ ಒಂದಿತ್ತು. ಐದನೆಯ ಮೆಟ್ಟಿಲಿನಲ್ಲಿ ತೂಕದವರ ಹುದ್ದೆ ಇಲ್ಲ. ಮಾದಕ್ಕನ ಹೆಸರನ್ನು ಮತ್ತಿಪೋಡಿನ ಸಹಾಯಕಿ ಎಂದು ಬರೆಯಬೇಕು, ದಿನಕ್ಕೆ ಮೂರು ರೂಪಾಯಿ ಇದ್ದದ್ದು ಎರಡೂವರೆ ಆಗುತ್ತದೆ. ಮುಂದಿನ ತಿಂಗಳ ಒಂದನೇ ತಾರೀಖು ಅವಳು ಸಂಬಳಕ್ಕೆ ತಾಳವಾಡಿಗೆ ಬಂದಾಗ ಹೇಳಿದೆ.

"ಲಾರಿ ಬತ್ತದಾ?"

"ಬತ್ತದೆ. ಪ್ರತಿ ಗುರುವಾರ."

"ಅಂಗಾರ ಎಸರು ಎಲ್ಲಾರಾ ಇರ್ಲಿ ಬುಡಿ" ಎಂದು ಸಹಿ ಹಾಕಿದಳು.

ಹೊನ್ನೆದೊಡ್ಡಿ ಶೆಡ್ಡು ಮತ್ತಿಪೋಡಿನಲ್ಲಿ ವಿಲೀನವಾಯಿತು ಎಂದು ಈರೋಡಿಗೆ ಬರೆದೆ. ವಿಲೀನ ಅಂದರೆ ಮುಚ್ಚಿದ ಹಾಗೆಯೇ ಎಂದು ಅವರು ತಿಳಿದುಕೊಂಡರು, ಅವರು ಹಾಗೆ ತಿಳಿದುಕೊಳ್ಳಲಿ ಎಂದೇ ನಾನು ಆ ಪದ ಹುಡುಕಿದ್ದು. ಸಂತೋಷ ಎಂದು ಉತ್ತರ ಬಂತು. ಒಂದು ಸಲ ತಪಾಸಣೆಗೆ ಬಂದ ತಂಗವೇಲು ನನ್ನ ಪುಸ್ತಕದ ಐದನೆಯ ಮೆಟ್ಟಿಲಿನ ಹಾಳೆಯ ಮೇಲೆ ಬೆರಳಿಟ್ಟು ಸಾಲು ಸಾಲಾಗಿ ಓದಿದರು. ಆಮೇಲೆ ಪುಸ್ತಕ ಮುಚ್ಚಿ, ಟೀ ತರಿಸ್ತೀರಾ ಎಂದರು.

ಎರಡೂವರೆ ವರ್ಷ ಹೀಗೆ ನಡೆಯಿತು. ಲಾರಿ ಹೋಯಿತು, ಬಂತು. ದೊಡ್ಡಮಾದನ ಮೊಮ್ಮಗಳು ತಾಳವಾಡಿ ಆಸ್ಪತ್ರೆಯಲ್ಲಿ ಹೆತ್ತಳು. ನಾನು ಮನಸ್ಸಿನಲ್ಲೇ ನನ್ನ ಬೆನ್ನು ತಟ್ಟಿಕೊಳ್ಳುತ್ತಿದ್ದೆ. ಹೊರಗೆ ಹೇಳಿಕೊಳ್ಳುವಂಥದ್ದಲ್ಲ ಎನ್ನುವುದೊಂದೇ ಬೇಸರ.

ಎಂಬತ್ತೈದರ ಮಾರ್ಚ್ ಒಂದನೇ ತಾರೀಖು ಮಾದಕ್ಕ ಸಂಬಳಕ್ಕೆ ಬಂದಾಗ ಮುಖ ಅರಳಿತ್ತು. ಎಂದೂ ಇಲ್ಲದ ಹಾಗೆ ತಾನಾಗಿಯೇ ಮಾತು ತೆಗೆದಳು.

"ಕಾಡೂರ್ಗಳ್ಗೆಲ್ಲಾ ಕೈಪಂಪು ಆಕ್ತಾರಂತಲ್ಲ ಬುದ್ದಿ. ನಮ್ಗೂ ಬತ್ತದಾ?"

ಹೊನ್ನೆದೊಡ್ಡಿಯ ನೀರಿನ ಸಂಗತಿ ನನಗೆ ಗೊತ್ತು. ಬೇಸಿಗೆಯಲ್ಲಿ ಹಳ್ಳದ ಮರಳು ತೋಡಿ, ಚಿಪ್ಪಿನಲ್ಲಿ ಮೊಗೆದು, ಬಟ್ಟೆಯಲ್ಲಿ ಸೋಸಬೇಕು. ರಾತ್ರಿ ಅದೇ ಗುಂಡಿಗೆ ಆನೆ ಬರುತ್ತದೆ, ಬೆಳಿಗ್ಗೆ ಮತ್ತೆ ತೋಡಬೇಕು. ವಿಚಾರಿಸ್ತೀನಿ ಕೂತ್ಕೊ ಎಂದು ಅವಳನ್ನು ಜಗಲಿಯಲ್ಲಿ ಕೂರಿಸಿದೆ. ಒಂದು ಗಂಟೆಯೊಳಗೆ ಪಂಪಿನ ಎಂಜಿನಿಯರರ ಜೀಪೇ ಆಫೀಸಿನ ಮುಂದೆ ಬಂದು ನಿಂತಿತು.

ಗೋಪಿಚೆಟ್ಟಿಪಾಳ್ಯದ ಕಡೆಯ ಹುಡುಗ, ಕೆಲಸಕ್ಕೆ ಸೇರಿ ವರ್ಷವಾಗಿರಬೇಕು, ಬೂಟಿನ ತುಂಬ ಕೆಂಪು ಮಣ್ಣು. ಒಂದು ಪಟ್ಟಿ ತೆಗೆದು ಮೇಜಿನ ಮೇಲೆ ಹರಡಿದ. ಕಾಡಿನ ಊರುಗಳಿಗೆ ಬೇರೆ ಪಟ್ಟಿ ಸಿಗಲಿಲ್ಲ, ನಿಮ್ಮ ಸಂಘದವರು ಈರೋಡಿನಿಂದ ಕೊಟ್ಟ ಪಟ್ಟಿಯೇ ಗತಿ ಎಂದ. ನಾನೇ ಬರೆದು ಕ್ಯಾರಂ ಬೋರ್ಡಿನ ಹಾಗೆ ಗೆರೆ ಎಳೆದು ಕಳಿಸಿದ್ದ ಪಟ್ಟಿ ಅದು. ಡಿಪೋ ಕೆಳಗೆ ಹತ್ತು ಶೆಡ್ಡು. ಶೆಡ್ಡಿರುವ ಊರಿಗೆ ಮಾತ್ರ ಪಂಪು, ಯಾಕೆಂದರೆ ಕೆಟ್ಟರೆ ರಿಪೇರಿ ಸಂಘದ ಜವಾಬ್ದಾರಿ. ಮೂವತ್ತು ಮನೆಗೆ ಒಂದು ಪಂಪು.

"ಮತ್ತಿಪೋಡು ದೊಡ್ಡ ಊರು ಅಲ್ಲವಾ ಸಾರ್, ಅರವತ್ತೊಂದು ಮನೆ. ಅಲ್ಲಿಗೆ ಎರಡು."

ಮತ್ತಿಪೋಡಿನಲ್ಲಿ ಇರುವುದು ಮೂವತ್ತೈದು ಮನೆ. ಉಳಿದ ಇಪ್ಪತ್ತಾರನ್ನು ಕೂಡಿಸಿದವನು ನಾನು.

"ಎರಡನೆಯದನ್ನು ಸ್ವಲ್ಪ ದೂರದಲ್ಲಿ ಹಾಕಬಹುದೇ?" ಎಂದು ಕೇಳಿದೆ.

"ಎಷ್ಟು ದೂರ?"

"ಒಂದೈದು ಮೈಲಿ."

ನಾನು ತಮಾಷೆ ಮಾಡಿದೆ ಎಂದು ಅವನು ನಕ್ಕ. ಶೆಡ್ಡಿನಿಂದ ಎರಡು ಫರ್ಲಾಂಗ್ ಮೀರುವ ಹಾಗಿಲ್ಲ ಎಂದ. ಆಮೇಲೆ ಇನ್ನೊಂದು ಕಾಗದ ತೆಗೆದ. ಸಂಘದ ಯಾವ ಊರೂ ಈ ಪಟ್ಟಿಯಲ್ಲಿ ಬಿಟ್ಟುಹೋಗಿಲ್ಲ ಎಂದು ನಾನು ಸಹಿ ಹಾಕಬೇಕು. ಒಂದು ಪ್ರತಿ ಅವನ ಆಫೀಸಿಗೆ, ಒಂದು ಪ್ರತಿ ಈರೋಡಿಗೆ. ಬಿಟ್ಟಿದ್ದರೆ ಈಗಲೇ ಹೇಳಿ ಸಾರ್, ಸೇರಿಸಿಬಿಡೋಣ, ಇನ್ನೂ ಮೂರು ಪಂಪು ನನ್ನ ಕೈಯಲ್ಲಿವೆ ಎಂದ.

ಮೂರು ಪಂಪು. ಕೈ ಚಾಚಿದರೆ ಸಿಗುವಷ್ಟು ಹತ್ತಿರ. ಆದರೆ ಹೊನ್ನೆದೊಡ್ಡಿಯಲ್ಲಿ ಶೆಡ್ಡಿದೆ ಎಂದು ಬರೆದ ಕಾಗದ ಈರೋಡಿಗೆ ಹೋದರೆ, ಮುಚ್ಚಿದ ಶೆಡ್ಡು ಹೇಗೆ ಬಂತು ಎಂದು ಕೇಳುತ್ತಾರೆ. ಮತ್ತೆ ಅದು ನಾಲ್ಕನೆಯ ಮೆಟ್ಟಿಲಿಗೆ ಬರುತ್ತದೆ, ಮತ್ತೆ ನಷ್ಟ, ಅವತ್ತೇ ಲಾರಿ ನಿಲ್ಲುತ್ತದೆ. ನನ್ನ ಕೆಲಸವೂ ಹೋಗಬಹುದು. ಅದು ಮೊದಲು ಹೊಳೆಯಿತೋ ಲಾರಿ ಮೊದಲು ಹೊಳೆಯಿತೋ, ಇವತ್ತಿಗೂ ನನಗೆ ಹೇಳಲಾಗುವುದಿಲ್ಲ.

ಒಂದು ನಿಮಿಷ ಎಂದು ಜಗಲಿಗೆ ಬಂದೆ. ಮಾದಕ್ಕ ಎದ್ದು ನಿಂತಳು. ಅವಳಿಗೆ ಮರದ ಪಟ್ಟಿಯನ್ನು ಮೊದಲ ಸಲ ವಿವರಿಸಿದೆ, ಮೇಲೆ ಯಾವುದು, ಕೆಳಗೆ ಯಾವುದು, ಅವಳ ಊರನ್ನು ಎಲ್ಲಿಂದ ಕಿತ್ತು ಎಲ್ಲಿ ಇಟ್ಟೆ, ಈಗ ಒಳಗೆ ಯಾವ ಕಾಗದ ಕಾಯುತ್ತಿದೆ. ಈರೋಡಿನಲ್ಲಿ ನನಗೆ ಅದನ್ನು ತಲೆಗೆ ಹತ್ತಿಸಲು ಮೂರು ದಿನ ಬೇಕಾಗಿತ್ತು.

"ನಾವು ಇದ್ದೀವಿ ಅಂತ ಅವುರ್ಗ ಗೊತ್ತಾದ್ರ ಲಾರಿ ಬರಾಕಿಲ್ಲ. ಗೊತ್ತಾಗ್ದಿದ್ರ ನೀರು ಬರಾಕಿಲ್ಲ. ಅಂಗೇ ಅಲ್ವಾ ಬುದ್ದಿ?"

"ಅಂಗೇ ಕಣಮ್ಮ."

ಅವಳು ಹತ್ತಬೇಕಾಗಿದ್ದ ಮತ್ತಿಪೋಡಿನ ಬಸ್ಸು ಬೀದಿಯಲ್ಲಿ ಹೋಯಿತು. ನಾನು ಮಾಡಿದ ಕೆಲಸಕ್ಕೆ ಅವಳನ್ನು ಆರಿಸು ಎಂದು ನಿಲ್ಲಿಸಿದ್ದೆನಲ್ಲ, ಅಂಥ ಹೇಡಿತನ ನಾನು ಇನ್ನೊಂದು ಮಾಡಿಲ್ಲ.

"ನೀರ ಎಂಗೋ ಒತ್ಕೊಂಡು ಬಂದೇವು" ಎಂದಳು ಕೊನೆಗೆ. "ಲಾರಿ ಇರ್ಲಿ."

ಒಳಗೆ ಹೋಗಿ ಸಹಿ ಹಾಕಿದೆ. ಮತ್ತಿಪೋಡಿನ ಆಚೆ ಊರು ಯಾವುದೂ ಇಲ್ಲ ತಾನೇ ಎಂದು ಎಂಜಿನಿಯರು ಇನ್ನೊಂದು ಸಲ ಕೇಳಿದ. ಇಲ್ಲ ಎಂದೆ, ತಮಿಳಿನಲ್ಲಿ, ಕಿಟಕಿ ತೆರೆದೇ ಇತ್ತು. ಇಲ್ಲಿಯ ಎಲ್ಲರ ಹಾಗೆ ಮಾದಕ್ಕನಿಗೂ ತಮಿಳು ಚೆನ್ನಾಗಿ ಬರುತ್ತದೆ.

ಅವನು ಕಾಗದಗಳನ್ನು ಮಡಿಸಿ ಬ್ಯಾಗಿಗೆ ಹಾಕಿಕೊಂಡು ಹೊರಗೆ ಬಂದ. ಒಳ್ಳೆಯ ಹುಡುಗ, ಜಗಲಿಯಲ್ಲಿ ನಿಂತವಳನ್ನು ಸುಮ್ಮನೆ ದಾಟಿಹೋಗಲು ಅವನಿಗೆ ಮನಸ್ಸಾಗಲಿಲ್ಲ.

"ಎಂದ ಊರಮ್ಮಾ?" ಎಂದು ತಮಿಳಿನಲ್ಲಿ ಯಾವ ಊರೆಂದು ಕೇಳಿದ.

ಮಾದಕ್ಕ ನನ್ನ ಕಡೆ ನೋಡಲಿಲ್ಲ.

"ಮತ್ತಿಪೋಡು" ಎಂದಳು.

ಹಾಗಾದರೆ ನಿಮ್ಮ ಊರಿಗೇ ಎರಡು ಪಂಪು, ಇನ್ನು ನೀರಿಗೆ ಕಷ್ಟವಿಲ್ಲ ಎಂದು ಅವನು ನಗುತ್ತ ಹೇಳಿದ. ಅವಳು ತಲೆಯಾಡಿಸಿದಳು. ಜೀಪು ಹೋಯಿತು.

ಬೇರೆಯವರ ಜೇನನ್ನು ನಮ್ಮದು ಅನ್ನಲು ಬಾಯಿ ಬಾರದಿದ್ದವಳು. ಆ ಒಂದು ಸುಳ್ಳನ್ನು ಅವಳಿಗೆ ಅವಳಪ್ಪ ಕಲಿಸಿರಲಿಲ್ಲ, ಅವಳ ಕುಲ ಕಲಿಸಿರಲಿಲ್ಲ, ನಾನು ಕಲಿಸಿದೆ. ಸಂಬಳದ ಪುಸ್ತಕ ತಂದು ಅವಳ ಮುಂದಿಟ್ಟೆ. ಮತ್ತಿಪೋಡು, ಸಹಾಯಕಿ, ಅರವತ್ತೈದು ರೂಪಾಯಿ. ಆ ಸಾಲನ್ನು ಅವಳು ಬೆರಳಿಟ್ಟು ಪೂರ್ತಿ ಓದಿದಳು, ಹಿಂದೆ ಎಂದೂ ಓದಿದವಳಲ್ಲ. ಸಹಿ ಹಾಕಿ, ದುಡ್ಡನ್ನು ಸೆರಗಿಗೆ ಕಟ್ಟಿಕೊಂಡು ಮೆಟ್ಟಿಲಿಳಿದಳು. ಇನ್ನೊಂದು ಬಸ್ಸಿಗೆ ಎರಡು ಗಂಟೆ ಇತ್ತು, ಕಾಯದೆ ನಡೆದುಕೊಂಡೇ ಹೋದಳು.